ಎಡತೋಳಿನ ಒಂದೂಕಾಲು ಇಂಚು

ಆ ಕೋಟನ್ನು ಬಸ್ಸಿನಲ್ಲಿ ಬಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಮನೆಯವರು ಇವತ್ತಿಗೂ ಯಾರಾದರೂ ಕೇಳಿದರೆ "ಕೋಟು ಬಸ್ಸಲ್ಲಿ ಉಳಿದುಹೋಯ್ತು" ಅನ್ನುತ್ತಾರೆಯೇ ಹೊರತು "ಇವಳು ಬಿಟ್ಟುಬಂದಳು" ಅನ್ನುವುದಿಲ್ಲ. ಕೋಟೇ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಇಳಿಯಲು ಒಪ್ಪಲಿಲ್ಲವೇನೋ ಅನ್ನುವ ಹಾಗೆ ಹೇಳುತ್ತಾರೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬೈಯದ ಗಂಡನ ಮುಂದೆ ತಪ್ಪು ಮಾಡಿದವಳ ಕಷ್ಟ ಯಾರಿಗೂ ಬೇಡ.

ನಮ್ಮ ಮನೆಯವರು ದರ್ಜಿ. ಬೀದಿಯಲ್ಲೆಲ್ಲ ಅಳತೆ ಮಾಸ್ತರು ಅಂತಲೇ ಹೆಸರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕತ್ತರಿಸುವುದು, ಹೊಲಿಯುವುದು ಅವರು. ಕಾಜಾ, ಗುಂಡಿ, ಇಸ್ತ್ರಿ ನಾನು. ಮೂವತ್ತೊಂದು ವರ್ಷದಿಂದ ಅವರದೊಂದು ನೇಮ. ಅಳತೆ ತೆಗೆದ ಮೈಯ ಸುದ್ದಿ ಅವರ ಬಾಯಿಂದ ಹೊರಗೆ ಬರುವುದಿಲ್ಲ. ಅಳತೆ ಪುಸ್ತಕವನ್ನು ತಮಗಷ್ಟೇ ತಿಳಿಯುವ ಗುರುತುಗಳಲ್ಲಿ ಬರೆಯುತ್ತಾರೆ. "ಹೊಟ್ಟೆ ಬಂದವನಿಗೆ ಹೊಟ್ಟೆ ಬಂದಿದೆ ಅಂತ ಅವನ ಹೆಂಡತಿ ಹೇಳ್ಲಿ. ನನ್ನ ಕೆಲಸ ಬಟ್ಟೆಗೆ ಮಾತ್ರ ಹೇಳೋದು" ಅನ್ನುತ್ತಾರೆ. ನನಗೂ ಹೇಳುವುದಿಲ್ಲ. ನನ್ನಂಥ ಬಾಯಿಬಡುಕಿಯ ಜೊತೆ ಮೂವತ್ತೊಂದು ವರ್ಷ ಗುಟ್ಟು ಉಳಿಸಿಕೊಂಡ ಮನುಷ್ಯ ಎಂಥವನೆಂದು ನೀವೇ ಲೆಕ್ಕ ಹಾಕಿ.

ಕೆಲವು ತಿಂಗಳ ಹಿಂದೆ ತೂಕದ ಸಾಹೇಬರು ಕೋಟು ಹೊಲಿಸಲು ಬಂದರು. ಊರಿನ ಅಂಗಡಿಗಳ ತಕ್ಕಡಿ, ಬಟ್ಟು, ಅಳತೆಗೋಲು ಎಲ್ಲವನ್ನೂ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಅವರು. ಅವರು ಬೀದಿಗೆ ಕಾಲಿಟ್ಟರೆ ಸಾಕು, ಅಂಗಡಿಯವರ ಹೆಬ್ಬೆರಳು ತಕ್ಕಡಿಯಿಂದ ತಾನಾಗೇ ಮೇಲೆ ಎದ್ದುಬಿಡುತ್ತದೆ. ಅವರಿಗೆ ಮುಖ್ಯ ಇನ್‌ಸ್ಪೆಕ್ಟರಾಗಿ ಬಡ್ತಿ ಸಿಕ್ಕಿತ್ತು. ಮೂರು ವಾರದಾಚೆಯ ಶನಿವಾರ ಹೊಸ ಕುರ್ಚಿ, ಅವತ್ತೇ ಫೋಟೋ. ಅವರ ಕಚೇರಿಯ ಗೋಡೆಯ ಮೇಲೆ ಹಿಂದಿನ ಹನ್ನೊಂದು ಮಂದಿ ಮುಖ್ಯಸ್ಥರ ಫೋಟೋ ಇದೆಯಂತೆ. ಹನ್ನೊಂದು ಮಂದಿಯೂ ನೆಟ್ಟಗೆ ನಿಂತು ಎರಡೂ ಕೈ ಕೆಳಗೆ ಬಿಟ್ಟಿದ್ದಾರಂತೆ. ಹನ್ನೆರಡನೆಯವರೂ ಹಾಗೇ ನಿಲ್ಲಬೇಕು.

ಸಾಹೇಬರು ಬೀದಿಯಲ್ಲಿ ನರಪಿಳ್ಳೆ ಇಲ್ಲದ ಮಧ್ಯಾಹ್ನ ಹೊತ್ತು ನೋಡಿ ಬಂದಿದ್ದರು. ಇವರು ಪರದೆ ಎಳೆದರು. ನನ್ನನ್ನು ಟೀ ಮಾಡಲು ಒಳಗೆ ಅಟ್ಟಿದರು. ಹದಿನೈದು ದಿನದ ನಂತರ ಕೋಟು ಗುಂಡಿಗಾಗಿ ನನ್ನ ಮೇಜಿಗೆ ಬಂತು. ಬೂದು ಬಣ್ಣದ ಉಣ್ಣೆ, ಬೆಣ್ಣೆಯ ಹಾಗೆ ಜಾರುವ ಒಳಬಟ್ಟೆ. ತೋಳು ಮಡಿಸಿ ನೋಡುತ್ತೇನೆ, ಎಡತೋಳಿನ ತುದಿ ಬಲದ್ದನ್ನು ಒಂದೂಕಾಲು ಇಂಚು ದಾಟಿ ಇಣುಕುತ್ತಿದೆ! ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಇವರ ಕೈ ತಪ್ಪಿತು ಅಂದುಕೊಂಡೆ. ಹೇಳಲು ಬಾಯಿ ತೆರೆದೆ. ಇವರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ಬಾಯಿ ಮುಚ್ಚಿದೆ. ಆಮೇಲೆ ನೆನಪಾಯಿತು. ತೂಕದ ಸಾಹೇಬರು ಬೀದಿಯಲ್ಲಿ ಯಾವಾಗ ಕಂಡರೂ ಎಡಗೈ ಜೇಬಿನಲ್ಲೇ ಇರುತ್ತದೆ.

ಊರಿನ ತಕ್ಕಡಿಗಳನ್ನೆಲ್ಲ ಸಮ ಮಾಡುವವರ ಕೈಗಳೇ ಸಮ ಇಲ್ಲ. ಇದು ಒಬ್ಬ ಅಂಗಡಿಯವನಿಗೆ ಗೊತ್ತಾದರೂ ಸಾಕು, "ಸಾಹೇಬ್ರೇ, ಮೊದಲು ನಿಮ್ಮ ಕೈ ಸಮ ಮಾಡ್ಕೊಂಡು ಬನ್ನಿ" ಅಂತ ಬೀದಿಯವರೆಲ್ಲ ಹಾಡು ಕಟ್ಟುತ್ತಿದ್ದರು. ಇವರು ಆ ಒಂದೂಕಾಲು ಇಂಚು ಕಣ್ಣಿಗೆ ಬೀಳದ ಹಾಗೆ ಬಲಭುಜಕ್ಕೆ ಒಂದಿಷ್ಟು, ಜೇಬಿನ ಬಾಯಿಗೆ ಒಂದಿಷ್ಟು, ಕಾಲರಿಗೆ ಕೂದಲೆಳೆಯಷ್ಟು ಅಂತ ಹಂಚಿಬಿಟ್ಟಿದ್ದರು. ಮೇಜಿನ ಮೇಲೆ ಸೊಟ್ಟ, ಮೈಮೇಲೆ ನೆಟ್ಟಗೆ. ಅಂಥ ಕೆಲಸ.

ಅದನ್ನು ನಾನು ಬಸ್ಸಿನಲ್ಲಿ ಬಿಟ್ಟೆ.

ಅವತ್ತು ಬುಧವಾರ, ಫೋಟೋಗೆ ಮೂರೇ ದಿನ. ಕೋಟಿನ ಬಣ್ಣಕ್ಕೆ ಹೊಂದುವ ಗುಂಡಿ ತರಲು ಕೋಟನ್ನೇ ಕೈಮೇಲೆ ಹಾಕಿಕೊಂಡು ಹೋಗಿದ್ದೆ. ಗುಂಡಿ ಸಿಕ್ಕಿತು, ಅಂಗಡಿಯ ಬೆಂಚಿನ ಮೇಲೇ ಕೂತು ಐದೂ ಗುಂಡಿ ಹೊಲಿದೆ, ಒಂಬತ್ತನೇ ನಂಬರ್ ಬಸ್ಸು ಹತ್ತಿದೆ, ಕೋಟನ್ನು ಮುಂದಿನ ಸೀಟಿನ ಕಂಬಿಗೆ ಹಾಕಿದೆ. ಪಕ್ಕದಲ್ಲಿ ಒಬ್ಬ ಅತ್ತೆ ಕೂತಿದ್ದಳು. ನನ್ನ ಅತ್ತೆಯಲ್ಲ, ಯಾರದೋ ಅತ್ತೆ. ಕೂತ ಕೂಡಲೇ ಸೊಸೆಯ ಕತೆ ಶುರು ಮಾಡಿದಳು.

"ನನ್ನ ಸೊಸೆ ಬೀರುಗೆ ಎರಡು ಬೀಗ ಹಾಕ್ತಾಳೆ ಕಣಮ್ಮ. ದಿನಾ ಸಂಜೆ ಕೋಣೆ ಒಳಗೆ ಹೋಗ್ತಾಳೆ, ಅರ್ಧ ಗಂಟೆ ಕಾಣೋದೇ ಇಲ್ಲ. ಮೊನ್ನೆ ಬೀಗ ಹಾಕೋದು ಮರೆತು ಹೋಗಿದ್ಲು. ನಾನು ಮೆಲ್ಲಗೆ ಬೀರು ಬಾಗಿಲು ತೆಗೆದೆ..."

"ತೆಗೆದು?"

"ನನ್ನ ಸ್ಟಾಪ್ ಬಂತು."

ನೀವೇ ಹೇಳಿ, ಯಾವ ಹೆಂಗಸು ಸುಮ್ಮನೆ ಕೂತಿರುತ್ತಾಳೆ? ಅವಳ ಹಿಂದೆಯೇ ಎರಡು ಸ್ಟಾಪ್ ಮುಂಚೆ ಇಳಿದೆ. ಫುಟ್‌ಪಾತಿನ ಮೇಲೆ ನಿಂತು ಅವಳು ಹೇಳಿದಳು. "ಒಳಗೆ ಒಂದು ಕುರ್ಚಿ! ಬೀರು ಒಳಗೆ ಕುರ್ಚಿ! ನನ್ನ ಮಾತು ಕೇಳಿಸಬಾರದು ಅಂತ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಕೂತ್ಕೋತಾಳಂತೆ!" ನಾವಿಬ್ಬರೂ ಬಾಯಿ ಮೇಲೆ ಕೈ ಇಟ್ಟುಕೊಂಡೆವು. ಆಗ ನನ್ನ ಕೈ ಖಾಲಿ ಇರುವುದು ಗೊತ್ತಾಯಿತು. ಬಸ್ಸು ತಿರುವು ದಾಟಿತ್ತು. ಅವಳೂ ತನ್ನ ಕೈ ನೋಡಿಕೊಂಡಳು. "ಅಯ್ಯೋ, ನನ್ನ ಕೊಡೆ!"

ಮರುದಿನ ಗುರುವಾರ ಬೆಳಿಗ್ಗೆ ಬಸ್ ಡಿಪೋದ ಹಿಂಭಾಗದಲ್ಲಿರುವ 'ಮರೆತ ಸಾಮಾನು' ಕಚೇರಿಗೆ ಹೋದೆ. ಉದ್ದನೆಯ ಹಾಲು. ಎದೆಮಟ್ಟದ ಕೌಂಟರು. ಅದರ ಹಿಂದೆ ಚಾವಣಿಯವರೆಗೆ ಕಪಾಟುಗಳು. ಕೊಡೆಗಳೆಲ್ಲ ಒಂದು ಕಡೆ, ಚೀಲಗಳೆಲ್ಲ ಒಂದು ಕಡೆ ಇರುತ್ತವೆ ಅಂತ ತಾನೇ ನಾವು ಅಂದುಕೊಳ್ಳುವುದು? ಹಾಗಿರಲಿಲ್ಲ. ಕಪಾಟುಗಳ ಮೇಲೆ ದಪ್ಪಕ್ಷರದಲ್ಲಿ 'ಮುರಿದವು', 'ಸೋರುವವು', 'ಕಿರುಗುಟ್ಟುವವು', 'ವಾಸನೆಯವು', 'ಹೊಂದದವು' ಅಂತ ಬರೆದಿತ್ತು. 'ಸೋರುವವು' ಕಪಾಟಿನಲ್ಲಿ ನೀರಿನ ಬಾಟಲಿಯ ಪಕ್ಕ ಒಂದು ಪೆನ್ನು, ಪೆನ್ನಿನ ಪಕ್ಕ ಒಂದು ಬೂಟು.

ಕ್ಯೂನಲ್ಲಿ ನನ್ನ ಮುಂದೆ ಯಾರಿದ್ದರು ಅಂದುಕೊಂಡಿರಿ? ಅದೇ ಅತ್ತೆ. "ಬಾರೇ ಬಾರೇ, ನಿನ್ನಿಂದ ನನ್ನ ಕೊಡೆ ಹೋಯ್ತು" ಅಂತ ತಬ್ಬಿಕೊಂಡಳು.

ಕೌಂಟರಿನ ಗುಮಾಸ್ತ ಐವತ್ತರ ಆಸುಪಾಸಿನವನು. ಬಾಗಿಲಿನಷ್ಟು ದೊಡ್ಡ ರಿಜಿಸ್ಟರೊಂದನ್ನು ಬಲಭುಜದ ಮೇಲೆ ಹೊತ್ತು ತಂದು ಧಡಾರನೆ ಕೌಂಟರಿನ ಮೇಲಿಟ್ಟ. "ದೋಷ ಹೇಳಿ" ಅಂದ.

ಅತ್ತೆ ಅದಕ್ಕೇ ಕಾಯುತ್ತಿದ್ದವಳ ಹಾಗೆ ಹರಿದಳು. "ಮೂರನೇ ಕಡ್ಡಿ ಬಾಗಿದೆ. ಬಿಚ್ಚಿದ್ರೆ ಮುಚ್ಚಲ್ಲ, ಮುಚ್ಚಿದ್ರೆ ಬಿಚ್ಚಲ್ಲ. ಹಿಡಿ ಕೈಗೆ ಬಣ್ಣ ಬಿಡುತ್ತೆ."

"ಇನ್ನೊಂದಿದೆ."

"ಗಾಳಿ ಬಂದ್ರೆ ಅಳುತ್ತೆ."

"ಸರಿಯಾಗಿದೆ!" ಗುಮಾಸ್ತನ ಮುಖ ಅರಳಿತು. "ಕಾರಣ? ಎರಡು ಕಲಂ ಇದೆ. ಒಂದು, ಮಾಲೀಕರ ದೇಹ. ಎರಡು, ತಯಾರಿಸಿದವರ ಕೈ."

"ಸೊಸೆ."

"ಆ ಕಲಂ ಇಲ್ಲ."

"ಹಾಕಿ. ಪೆನ್ನಿದೆ, ಜಾಗ ಇದೆ, ಒಂದು ಗೆರೆ ಎಳೆದ್ರೆ ಆಯ್ತು."

"ಇಪ್ಪತ್ತೆರಡು ವರ್ಷದಿಂದ ಎರಡೇ ಕಲಂನಲ್ಲಿ ಊರು ನಡೆದಿದೆ, ಅಮ್ಮ."

ಕೊನೆಗೆ ತಯಾರಿಸಿದವರ ಕೈ ಎಂದು ಬರೆಸಿ, ಕೊಡೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೊರಟಳು. ನನ್ನ ಸರದಿ ಬಂತು.

"ಬೂದು ಬಣ್ಣದ ಕೋಟು. ಉಣ್ಣೆ. ಐದು ಗುಂಡಿ, ಒಳಜೇಬು ಎರಡು, ಹೊಲಿಗೆ ಅಂದ್ರೆ..."

"ಗುಣ ಬೇಡಮ್ಮ. ದೋಷ ಹೇಳಿ."

"ಯಾಕಪ್ಪ ಹೀಗೆ?"

ಅವನು ಪೆನ್ನು ಕೆಳಗಿಟ್ಟ. ಈ ಪ್ರಶ್ನೆ ಕೇಳುವವರು ಕಡಿಮೆ ಅನ್ನಿಸುತ್ತದೆ, ತುಂಬ ಪ್ರೀತಿಯಿಂದ ಉತ್ತರ ಹೇಳಿದ. "ಮೊದಲು ಗುಣವೇ ಬರೀತಿದ್ವಿ. 'ಕಪ್ಪು ಕೊಡೆ, ಒಳ್ಳೇದು' ಅಂತ ಬರೆದ್ರೆ ಅದೊಂದಕ್ಕೇ ನಲವತ್ತು ಜನ ಬರೋರು. ಇದೇ ಕೌಂಟರ್ ಮುಂದೆ ಕೊಡೆಗಾಗಿ ಕೊಡೇಲೇ ಹೊಡೆದಾಡಿದಾರೆ. ಆಮೇಲೆ ನಂಗೆ ಹೊಳೀತು. ಸಾಮಾನಿನ ಗುಣ ಎಂಥ ಕಳ್ಳನಿಗೂ ಕಾಣುತ್ತೆ. ಅದರ ಕೊರತೆ ದಿನಾ ಅದರ ಜೊತೆ ಏಗಿದವನಿಗೆ ಮಾತ್ರ ಗೊತ್ತು. ಅವತ್ತಿಂದ ಒಂದು ಸಾಮಾನೂ ತಪ್ಪಿ ಬೇರೆಯವರ ಕೈ ಸೇರಿಲ್ಲ."

"ನಮ್ಮ ಕೋಟಿಗೆ ದೋಷ ಇಲ್ಲಪ್ಪ."

"ಹಾಗಾದ್ರೆ ಇಲ್ಲಿಲ್ಲ. ದೋಷ ಇಲ್ಲದ್ದು ಇದುವರೆಗೆ ಬಂದೇ ಇಲ್ಲ."

ಮೂರನೇ ಗುಂಡಿಯ ದಾರ ಒಂದು ಎಳೆ ಕಪ್ಪು ಅಂದೆ. ಇಲ್ಲ. ಒಳಜೇಬಿನ ಮೂಲೆ ತುಸು ಸುಕ್ಕು ಅಂದೆ. ಇಲ್ಲ. ನಾನು ಹಾಗೆ ಹುಡುಕುತ್ತಿರುವಾಗಲೇ ಅವನ ಹೆಗಲ ಮೇಲಿಂದ ಕಂಡಿತು. 'ಹೊಂದದವು' ಕಪಾಟಿನ ಪಕ್ಕದಲ್ಲಿ, ಮೊಳೆಗೆ ಸಿಕ್ಕಿಸಿದ ನಮ್ಮ ಕೋಟು. ಎಡತೋಳು ಉದ್ದಕ್ಕೆ ಇಳಿಬಿದ್ದಿದೆ. ತೋಳಿನ ಪಕ್ಕದಲ್ಲಿ ಒಂದು ಮರದ ಸ್ಕೇಲು. ಇವನು ಅಳೆದಿದ್ದಾನೆ.

ನನಗೆ ಉತ್ತರ ಗೊತ್ತಾಯಿತು. ಆದರೆ ಉತ್ತರ ಹೇಳಿದರೆ ಮುಂದಿನ ಪ್ರಶ್ನೆ ಕಾರಣ.

"ಅಪ್ಪಾ, ಸುಮ್ಮನೆ ಕೇಳ್ತೀನಿ. ಮಾಲೀಕರ ದೇಹ ಅಂತ ಬರೆಸಿದ್ರೆ?"

"ಮಾಲೀಕರು ದೇಹದ ಸಮೇತ ಬರಬೇಕು. ಇಲ್ಲಿ, ಕ್ಯೂ ಮುಂದೆ ಅಳೀತೀವಿ."

"ತಯಾರಿಸಿದವರ ಕೈ ಅಂದ್ರೆ?"

"ಕೊಡೆ ಬಾಟಲಿಗಾದ್ರೆ ಕಾರ್ಖಾನೆ ಹೆಸರು ಸಾಕು. ಕೈಯಲ್ಲಿ ಮಾಡಿದ್ದಾದ್ರೆ ಮಾಡಿದವರೇ ಬಂದು ತಪ್ಪೊಪ್ಪಿಗೆ ಬರೆದು, ಜೋರಾಗಿ ಓದಿ, ಸಹಿ ಹಾಕ್ಬೇಕು. ಆಮೇಲೆ ಆ ಚೀಟೀನ ಸಾಮಾನು ಸಿಕ್ಕ ಬಸ್ಸಲ್ಲಿ ಒಂದು ತಿಂಗಳು ಅಂಟಿಸ್ತೀವಿ. ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಹೇಳ್ಬೇಕಲ್ಲ?"

ಒಂಬತ್ತನೇ ನಂಬರ್ ಬಸ್ಸು ನಮ್ಮ ಬೀದಿಯ ಬಸ್ಸು.

ಮನೆಗೆ ಬಂದು ಎಲ್ಲ ಹೇಳಿದೆ. ಇವರು ಕತ್ತರಿಯನ್ನು ಮೇಜಿನ ಮೇಲಿಟ್ಟು ಒಂದೇ ಮಾತು ಕೇಳಿದರು. "ಮೊಳೆಗೆ ಹಾಕಿದಾನಾ?"

"ಹೂಂ."

"ಹ್ಯಾಂಗರ್ ಇಲ್ಲ?"

"ಇಲ್ಲ."

ಅಂದು ಅವರು ಊಟ ಮಾಡಲಿಲ್ಲ. ಕೋಟು ಹೋದದ್ದಕ್ಕೋ, ಮೊಳೆಗೋ, ಕೇಳುವ ಧೈರ್ಯ ನನಗಿರಲಿಲ್ಲ. ಹೊಸ ಕೋಟು ಹೊಲಿಯೋಣವೇ ಅಂದರೆ ಆ ಬಟ್ಟೆ ಸಾಹೇಬರೇ ಎಲ್ಲಿಂದಲೋ ತರಿಸಿದ್ದು, ಮತ್ತೆ ಸಿಗುವುದಿಲ್ಲ, ದಿನವೂ ಉಳಿದಿಲ್ಲ. ಸಾಹೇಬರನ್ನು ಕರೆದುಕೊಂಡು ಹೋದರೆ ಅವರ ಮಾನ ಹೋಗುತ್ತದೆ. ಇವರು ಹೋದರೆ ಇವರ ಕೈ ಹೋಗುತ್ತದೆ. ದರ್ಜಿಗೆ ಕೈ ಬಿಟ್ಟರೆ ಬೇರೇನಿದೆ?

ಶುಕ್ರವಾರ ಬೆಳಿಗ್ಗೆ ಇವರು ತಮ್ಮ ಒಳ್ಳೆಯ ಕೋಟು ಹಾಕಿಕೊಂಡು ಟೇಪನ್ನು ಜೇಬಿಗಿಟ್ಟು ಹೊರಟರು. ಬಸ್ಸಿನಲ್ಲಿ ನಾನು ತುಟಿ ಪಿಟಕ್ಕೆನ್ನಲಿಲ್ಲ. ಪಕ್ಕದ ಸೀಟಿನವಳು ತನ್ನ ನಾದಿನಿಯ ವಿಷಯ ಎತ್ತಿದಳು, ನಾನು ಕಿಟಕಿ ಕಡೆ ತಿರುಗಿದೆ. ಅದೆಷ್ಟು ಕಷ್ಟವಾಯಿತೆಂದು ದೇವರಿಗೇ ಗೊತ್ತು.

ಕೌಂಟರಿನ ಮುಂದೆ ಇವರು ಎದೆ ಸೆಟೆಸಿ ನಿಂತರು. ನಮ್ಮ ಹಿಂದೆ ಐದಾರು ಜನ.

"ದೋಷ ಹೇಳಿ" ಅಂದ ಗುಮಾಸ್ತ.

"ಆ ಕೋಟು ನನ್ನ ಜೀವಮಾನದ ಕೆಲಸ, ಸ್ವಾಮಿ. ಅದರ ಭುಜ ನೋಡಿದೀರಾ ನೀವು? ಒಂದೇ ಒಂದು ನೆರಿಗೆ ತೋರಿಸಿ. ಕಾಲರ್ ತಿರುಗಿಸಿ ನೋಡಿ."

"ನೋಡಿದೀನಿ. ಕಾಲರ್ ಚೆನ್ನಾಗಿದೆ. ಅದಕ್ಕೇ ಬರೆದಿಲ್ಲ."

"ಮೊದಲು ಅದನ್ನ ಮೊಳೆಯಿಂದ ತೆಗೀರಿ. ಆಮೇಲೆ ಮಾತು."

"ದೋಷ ಹೇಳಿದ್ರೆ ತೆಗೀತೀನಿ."

ಇವರು ಮೊಳೆಯ ಕಡೆ ಒಮ್ಮೆ ನೋಡಿದರು. ಮೂವತ್ತೊಂದು ವರ್ಷದಲ್ಲಿ ಆಡದ ಮಾತನ್ನು ಕೊನೆಗೂ ಆಡಿದರು. "ಎಡತೋಳು. ಉದ್ದ."

"ಎಷ್ಟು?"

"ಒಂದೂಕಾಲು ಇಂಚು."

ಗುಮಾಸ್ತ ರಿಜಿಸ್ಟರಿನಲ್ಲಿ ಬೆರಳಿಟ್ಟು, "ಕೂದಲೆಳೆಯಷ್ಟೂ ತಪ್ಪಿಲ್ಲ!" ಎಂದು ಮೆಚ್ಚಿಕೊಂಡ. "ಇಷ್ಟು ಕರಾರುವಾಕ್ಕಾಗಿ ಹೇಳಿದವರೇ ಇಲ್ಲ. ಕಾರಣ?"

ಇವರ ಕೈ ಜೇಬಿನ ಟೇಪಿಗೆ ಹೋಯಿತು. ನನಗೆ ತಡೆಯಲಾಗಲಿಲ್ಲ. "ನಾನು, ನಾನಪ್ಪ! ಕಾರಣ ನಾನು. ಬಸ್ಸಲ್ಲಿ ಬಿಟ್ಟವಳು ನಾನು, ಇಷ್ಟಕ್ಕೆಲ್ಲ ನಾನೇ ಕಾರಣ. ನನ್ನ ಹೆಸರಲ್ಲಿ ಬರ್ಕೋ, ಬಸ್ಸಿಗೆ ನನ್ನನ್ನೇ ಅಂಟಿಸು."

"ಹೆಂಡತಿ ಅಂತ ಕಲಂ ಇಲ್ಲಮ್ಮ. ಎರಡೇ ಇರೋದು."

ಹಿಂದಿನಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು. ಮಫ್ಲರ್ ಸುತ್ತಿಕೊಂಡ ಒಬ್ಬ ತೆಳ್ಳನೆಯ ಮನುಷ್ಯ. "ಒಂದು ಮಾತು. ಅಂಥದ್ದು... ನಂದೂ ಒಂದಿತ್ತು. ಇಲ್ಲೇ ಇರಬಹುದು."

"ಕೋಟಾ?"

"ಪ್ಯಾಂಟು. ಒಂದು ಕಾಲು ಗಿಡ್ಡ."

"ಕಾರಣ?"

ಆ ಮನುಷ್ಯ ನೆಲ ನೋಡಿದ. "ಇರಲಿ ಬಿಡಿ. ಬೇರೆ ಪ್ಯಾಂಟಿದೆ" ಅಂದು, ಒಂದು ಕಾಲು ಮೆಟ್ಟಿಲು ಹತ್ತಿದ ಹಾಗೆ, ಇನ್ನೊಂದು ಇಳಿದ ಹಾಗೆ ನಡೆಯುತ್ತ ಬಾಗಿಲು ದಾಟಿದ. ಇವರು ಅವನು ಹೋದ ದಾರಿಯನ್ನೇ ನೋಡಿದರು. ಗ್ರಾಹಕನ ನಡಿಗೆ ನೋಡುವಾಗ ಇವರ ಕಣ್ಣು ಸಣ್ಣಗಾಗುತ್ತದೆ, ಹಾಗೆ. ಆಮೇಲೆ ಕೌಂಟರಿನ ಕಡೆ ತಿರುಗಿ, ಪೆನ್ನಿಗೆ ಕೈ ಚಾಚಿದರು.

"ತಯಾರಿಸಿದವರ ಕೈ."

ಬರೆದರು. ಓದಿದರು. ಮೆತ್ತಗೆ ಓದಿದ್ದಕ್ಕೆ "ಹಿಂದಿನವರಿಗೆ ಕೇಳಿಸಲಿಲ್ಲ" ಅಂದ ಗುಮಾಸ್ತ. ಮತ್ತೆ ಓದಿದರು. "ಬೂದು ಬಣ್ಣದ ಕೋಟು ಒಂದು. ಎಡತೋಳು ಒಂದೂಕಾಲು ಇಂಚು ಉದ್ದ. ಇದನ್ನು ಹೊಲಿದ ನಾನು ಅಳತೆ ತಪ್ಪಿದ್ದೇನೆ." ಕೆಳಗೆ ಸಹಿ, ಅಂಗಡಿ ವಿಳಾಸ. ಕೋಟು ಕೈಗೆ ಬಂದ ಮೇಲೆ ಮೊಳೆ ಕುತ್ತಿದ ಜಾಗವನ್ನು ಹೆಬ್ಬೆರಳಿನಿಂದ ಮನೆ ತಲುಪುವವರೆಗೂ ಉಜ್ಜುತ್ತಲೇ ಇದ್ದರು.

ಶನಿವಾರ ಬೆಳಿಗ್ಗೆ ತೂಕದ ಸಾಹೇಬರು ಕೋಟು ತೊಟ್ಟು ಕನ್ನಡಿ ಮುಂದೆ ನಿಂತರು. ಎರಡೂ ಕೈ ಕೆಳಗೆ ಬಿಟ್ಟರು. ಸಮ! ಬೇಕಾದರೆ ಎರಡು ಕೈಗೂ ಒಂದೊಂದು ತಟ್ಟೆ ನೇತುಹಾಕಿ ತೂಗಬಹುದಿತ್ತು, ಅಷ್ಟು ಸಮ. ಅವರ ಕಣ್ಣು ಒದ್ದೆಯಾಯಿತು. ಇವರು ಮಾತ್ರ ಬೆನ್ನ ಮೇಲಿನ ದಾರದ ಚೂರೊಂದನ್ನು ತೆಗೆಯುತ್ತ, "ತೋಳು ಎತ್ತಿ ಇಳಿಸಿ ಸಾರ್" ಅಂದರು. ಬಸ್ಸಿನ ಸುದ್ದಿ ನಾವು ಹೇಳಲಿಲ್ಲ. ಫೋಟೋ ಚೆನ್ನಾಗಿ ಬಂತಂತೆ.

ಸೋಮವಾರದಿಂದ ನಮ್ಮ ಗ್ರಹಚಾರ ಶುರುವಾಯಿತು. ಒಂಬತ್ತನೇ ನಂಬರ್ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಗಾಜಿಗೆ, ಎಲ್ಲರೂ ನೋಡುವ ಜಾಗದಲ್ಲಿ, ಆ ಚೀಟಿ. ಬೀದಿಯ ಜನ ಬಸ್ಸಿನಲ್ಲಿ ಬೇರೇನು ಓದುತ್ತಾರೆ? ಒಬ್ಬ ಹೊಲಿಯಲು ಕೊಟ್ಟ ಬಟ್ಟೆಯನ್ನು "ಸದ್ಯಕ್ಕೆ ಬೇಡ" ಎಂದು ವಾಪಸ್ಸು ಒಯ್ದ. ಇನ್ನೊಬ್ಬಳು ತನ್ನ ಬಟ್ಟೆಯ ತೋಳುಗಳನ್ನು ನಮ್ಮ ಮುಂದೆಯೇ ಹಿಡಿದು ಹೋಲಿಸಿ ನೋಡಿದಳು. ಎದುರಂಗಡಿ ದರ್ಜಿಗಂತೂ ಹಬ್ಬವೋ ಹಬ್ಬ.

"ಮಾಸ್ತರೇ," ಅಂತ ಅಲ್ಲಿಂದಲೇ ಕೂಗಿದ, "ಟೇಪು ಬಿಸಿಲಿಗೆ ಒಣಹಾಕಿದ್ರಾ? ಹಿಗ್ಗಿಬಿಟ್ಟಿದೆಯಂತಲ್ಲ!"

"ನಿನ್ನ ನಾಲಿಗೆ ಒಣಹಾಕು, ಅದೂ ಹಿಗ್ಗಿದೆ!" ಅಂತ ನಾನು ಕೂಗಿದೆ. ಇವರು "ಸುಮ್ಮನಿರೇ" ಅಂದರು. ಮಾಡಲು ಕೆಲಸವಿಲ್ಲದೆ ಮೇಜನ್ನು ಅಳೆದರು. ಕಿಟಕಿ ಅಳೆದರು. ಒಂದು ಮಧ್ಯಾಹ್ನ ನೋಡುತ್ತೇನೆ, ತಮ್ಮದೇ ಎರಡು ಕೈಗಳನ್ನು ಅಳೆದುಕೊಳ್ಳುತ್ತಿದ್ದಾರೆ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆ ಸೊಸೆ ಬೀರುವಿನೊಳಗೆ ಕುರ್ಚಿ ಇಟ್ಟುಕೊಂಡದ್ದು ಸರಿಯೇ ಅನ್ನಿಸಿತು.

ಹನ್ನೊಂದನೆಯ ದಿನ ತೂಕದ ಸಾಹೇಬರು ನಮ್ಮ ಬೀದಿಗೆ ಬಂದರು. ಅದೇ ಬೂದು ಕೋಟು, ಕೈಯಲ್ಲಿ ಹಿತ್ತಾಳೆಯ ಅಳತೆಗೋಲಿನ ಪೆಟ್ಟಿಗೆ, ಜೇಬಿನಲ್ಲಿ ಮುದ್ರೆ. ಒಂಬತ್ತನೇ ನಂಬರ್ ಬಸ್ಸಿನಿಂದಲೇ ಇಳಿದರು. ಗಾಜಿನ ಮೇಲಿನ ಚೀಟಿ ಓದಿರಬೇಕು, ಮುಖ ಕೆಂಪಾಗಿತ್ತು.

"ಈ ಬೀದಿಯ ಟೇಪುಗಳನ್ನೆಲ್ಲ ತನ್ನಿ" ಅಂದರು.

ಬೀದಿಯಲ್ಲಿ ದರ್ಜಿಗಳು ಇಬ್ಬರೇ. ಜನ ಮಾತ್ರ ಮೂವತ್ತು ಮಂದಿ ಸೇರಿದರು. ಮೊದಲು ಎದುರಂಗಡಿಯವನ ಟೇಪು. ಹಿತ್ತಾಳೆ ಗೋಲಿನ ಪಕ್ಕ ಹಿಡಿದರೆ ಅರ್ಧ ಇಂಚು ಹಿಗ್ಗಿತ್ತು! "ಬಿಸಿಲಿಗೆ ಒಣಹಾಕಿದ್ರಾ?" ಅಂತ ಸಾಹೇಬರೇ ಕೇಳಿದರು. ಆಮೇಲೆ ಇವರ ಟೇಪು. ಅಲ್ಲಲ್ಲಿ ಅಂಕಿ ಅಳಿಸಿಹೋದ ಹಳೇ ಟೇಪು. ಸಾಹೇಬರು ಅದನ್ನು ಮೊದಲಿಂದ ಕೊನೆಯವರೆಗೆ, ಕಾಲಿಂಚು ಕಾಲಿಂಚು ನೋಡಿ, ಬೀದಿಯ ಆ ತುದಿಗೂ ಕೇಳುವ ಹಾಗೆ ಹೇಳಿದರು. "ಈ ಊರಲ್ಲಿ ನಾನು ನೋಡಿದ ಅತ್ಯಂತ ಸರಿಯಾದ ಅಳತೆ ಇದು."

"ಹಾಗಾದ್ರೆ ಬಸ್ಸಲ್ಲಿ ಬರೆದಿರೋದು?" ಅಂದ ಎದುರಂಗಡಿಯವನು.

ಸಾಹೇಬರು ಏನೋ ಹೇಳಲು ಹೊರಟರು. ಇವರು ನಡುವೆ ಬಾಯಿ ಹಾಕಿದರು. "ಟೇಪು ಸರಿ ಇದೆ, ಸಾರ್. ಕೈ ತಪ್ಪಿತು. ಮನುಷ್ಯ ಅಂದ ಮೇಲೆ ಒಂದು ಸಲ ತಪ್ಪುತ್ತೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಾಹೇಬರು ಎಡಗೈಯನ್ನು ಜೇಬಿನಿಂದ ತೆಗೆದು, ಮೂವತ್ತು ಜನರ ಎದುರಿಗೆ ಉದ್ದಕ್ಕೆ ಚಾಚಿ, ಮುದ್ರೆಯನ್ನು ನಮ್ಮ ಟೇಪಿನ ತುದಿಗೆ ಒತ್ತಿದರು. ಕೈ ಉದ್ದ ಇದೆ ಅಂತ ಒಬ್ಬರಿಗೂ ಕಾಣಲಿಲ್ಲ. ಅಂಥ ತೋಳು ಅದು. ಇವರ ಮುಖದಲ್ಲಿ ಆಗ ಒಂದು ನಗೆ ಬಂದು ಹೋಯಿತು. ನನ್ನನ್ನು ಮದುವೆಯಾದ ದಿನವೂ ನಾನು ಅಂಥ ನಗೆ ಕಂಡಿರಲಿಲ್ಲ.

ಆ ಮೇಲೆ ಮಧ್ಯಾಹ್ನಗಳಲ್ಲಿ, ಬೀದಿ ಖಾಲಿ ಇರುವ ಹೊತ್ತು ನೋಡಿ, ಜನ ಬರತೊಡಗಿದರು. ಮೊದಲು ಬಂದವನು ಮಫ್ಲರಿನ ಮನುಷ್ಯ. "ಬಸ್ಸಲ್ಲಿ ಓದಿದೆ. ಕೈ ತಪ್ಪಿದವರಿಗೆ ಎಷ್ಟು ತಪ್ಪಿದೆ ಅಂತ ಅಷ್ಟು ಕರಾರುವಾಕ್ಕಾಗಿ ಗೊತ್ತಿರಲ್ಲ" ಅಂದ, ಅಷ್ಟೇ. ಅವನ ಹಿಂದೆ ಸೊಂಟದ ಒಂದು ಬದಿ ಮೇಲಿದ್ದವಳು, ಬೆನ್ನಿನಲ್ಲಿ ಗುಬ್ಬಚ್ಚಿಯಷ್ಟು ಗೂನಿದ್ದವನು, ಕತ್ತು ಒಂದು ಕಡೆಗೇ ತಿರುಗುವವನು. ಎಲ್ಲರೂ ಪರದೆ ಎಳೆದುಕೊಂಡು ಅಳತೆ ಕೊಟ್ಟರು. ಎಷ್ಟು ಜನ ಅಂದರೆ, ಈ ಊರಿನಲ್ಲಿ ನೆಟ್ಟಗಿರುವವರು ಯಾರಾದರೂ ಇದ್ದಾರೆಯೇ ಅಂತ ನನಗೆ ಅನುಮಾನ ಬಂತು. ನಾನು ಟೀ ಮಾಡಿ ಮಾಡಿ ಸುಸ್ತಾದೆ.

ಕೊನೆಗೆ ಒಂದು ದಿನ ಬಂದವನು ಗುಮಾಸ್ತ. ಇಪ್ಪತ್ತೆರಡು ವರ್ಷ ಆ ರಿಜಿಸ್ಟರು ಹೊತ್ತು ಬಲಭುಜ ಬಾವಿಯ ಹಾಗೆ ಕುಸಿದಿತ್ತು. ಪರದೆಯ ಹಿಂದೆ ಏನು ನಡೆಯಿತೋ ನನಗೆ ಗೊತ್ತಿಲ್ಲ. ಹತ್ತು ದಿನದ ನಂತರ ಕಂದು ಕೋಟು ತೊಟ್ಟು ಕನ್ನಡಿ ಮುಂದೆ ನಿಂತ. ರಾಜಕುಮಾರನ ಹಾಗಿದ್ದ. ಹಿಂದೆ ಮುಂದೆ ನೋಡಿಕೊಂಡ. ಜೇಬಿನಿಂದ ಸ್ಕೇಲು ತೆಗೆದು ಅಲ್ಲಿ ಇಲ್ಲಿ ಅಳೆದ. ನೋಡುನೋಡುತ್ತಿದ್ದ ಹಾಗೆ ಅವನ ಮುಖ ಬಾಡಿಹೋಯಿತು.

"ಮಾಸ್ತರೇ, ಇದರಲ್ಲಿ ದೋಷ ಇಲ್ಲ."

"ಇಲ್ಲ" ಅಂದರು ಇವರು.

"ಭುಜ ಒಂದು ಕಡೆ ದಪ್ಪ ಇದೆಯಲ್ಲ, ಅದನ್ನ ಬರೆಸಬಹುದು. ಆದ್ರೆ ಬರೆಸಿದ್ರೆ ಕಾರಣ ನನ್ನ ದೇಹ. ನನ್ನ ಕೌಂಟರಿನ ಮುಂದೆ ನಾನೇ ಅಳತೆ ಕೊಡ್ಬೇಕು. ಅದು ನನ್ನಿಂದಾಗಲ್ಲ." ಅವನು ಬೆಂಚಿನ ಮೇಲೆ ಕುಸಿದ. "ನಾನೂ ಬಸ್ಸಲ್ಲೇ ಓಡಾಡೋನು. ನಾಳೆ ಇದನ್ನ ಬಿಟ್ಟು ಇಳಿದ್ರೆ? ನಿಮಗೆ ಗೊತ್ತಿಲ್ಲ, ಆ ಕೊಡೆ ಅಮ್ಮ ಮತ್ತೆ ಕೊಡೆ ಬಿಟ್ಟಿದ್ಲು. ಈ ಸಲ ಸೊಸೆ ಅದನ್ನ ಗುಟ್ಟಾಗಿ ರಿಪೇರಿ ಮಾಡಿಸಿದಾಳೆ ಅಂತ ಆಮೇಲೆ ಗೊತ್ತಾಯ್ತು. ಅಮ್ಮ ಬಂದು ಮೂರನೇ ಕಡ್ಡಿ ಬಾಗಿದೆ ಅಂತಾಳೆ, ನೋಡಿದ್ರೆ ಬಾಗಿಲ್ಲ. ಅಳುತ್ತೆ ಅಂತಾಳೆ, ಅಳ್ತಾ ಇಲ್ಲ. ಅವಳದೇ ಕೊಡೆ ಅಂತ ನಂಗೂ ಗೊತ್ತು, ಅವಳಿಗೂ ಗೊತ್ತು. ಕೊಡೋ ಹಾಗಿಲ್ಲ! 'ದೋಷವಿಲ್ಲ' ಅಂತ ಹೊಸ ಕಪಾಟು ಮಾಡಿ ಇಟ್ಟಿದೀನಿ. ದಿನಾ ಬಂದು ನೋಡ್ಕೊಂಡು ಹೋಗ್ತಾಳೆ." ಕೈ ಮುಗಿದ. "ಒಂದೇ ಒಂದು ದೋಷ ಹಾಕಿಕೊಡಿ. ಚಿಕ್ಕದು."

ಇವರ ಮುಖ ನೋಡಬೇಕಿತ್ತು. ಮಾಡದ ತಪ್ಪನ್ನು ಇಡೀ ಊರಿನ ಮುಂದೆ ಒಪ್ಪಿಕೊಂಡವರಿಗೆ, ಈಗ ನಿಜವಾಗಿ ಒಂದು ತಪ್ಪು ಮಾಡಬೇಕು ಅಂದರೆ ಕೈಯೇ ಬರಲಿಲ್ಲ. ಸೂಜಿ ಹಿಡಿದರು, ಇಟ್ಟರು. ಒಳಜೇಬಿನ ಹತ್ತಿರ ಒಂದು ಹೊಲಿಗೆ ಸೊಟ್ಟ ಹಾಕಿದರು, ಬಿಚ್ಚಿದರು. ಮತ್ತೆ ಹಾಕಿದರು. ಅದು ಅಭ್ಯಾಸಬಲದಿಂದ ನೆಟ್ಟಗೇ ಬಂತು. "ನನ್ನಿಂದ ಆಗಲ್ಲ ಕಣೇ" ಅಂದರು.

"ಕೊಡಿ ಇಲ್ಲಿ" ಅಂದೆ.

ಗುಂಡಿ ಡಬ್ಬಿಯಲ್ಲಿ ಕೈಯಾಡಿಸಿ ಅತ್ಯಂತ ಕೆಟ್ಟ ಹಸಿರು ಗುಂಡಿಯೊಂದನ್ನು ಹುಡುಕಿ, ಒಳಜೇಬಿಗೆ ಕೆಂಪು ದಾರದಲ್ಲಿ, ಜಗತ್ತಿನ ಯಾವ ದರ್ಜಿಯೂ ಕಣ್ಣೆತ್ತಿ ನೋಡದ ಹಾಗೆ ಹೊಲಿದೆ. ಇವರು ಗೋಡೆ ಕಡೆ ತಿರುಗಿ ನಿಂತಿದ್ದರು. ಗುಮಾಸ್ತ ಅದನ್ನು ಮುಟ್ಟಿ ಮುಟ್ಟಿ ನೋಡಿ ಹಿಗ್ಗಿದ. ಈಗಲೇ ಬರೆದಿಟ್ಟುಕೊಳ್ಳುತ್ತೇನೆ ಎಂದು ಚೀಟಿ ತೆಗೆದ. ದೋಷ, ಒಳಜೇಬಿನ ಗುಂಡಿ. ಕಾರಣದ ಹತ್ತಿರ ಬಂದು ಪೆನ್ನು ನಿಂತಿತು.

"ಮಾಲೀಕರ ದೇಹ ಅಲ್ಲ" ಅಂದ. "ತಯಾರಿಸಿದವರ ಕೈಯೂ ಅಲ್ಲ."

"ಅಲ್ಲ" ಅಂದರು ಇವರು, ಗೋಡೆ ಕಡೆ ನೋಡುತ್ತಲೇ, ಸ್ವಲ್ಪ ಜೋರಾಗಿ.

ಗುಮಾಸ್ತ ಪೆನ್ನಿನ ತುದಿಯಿಂದ ಎರಡೂ ಕಲಂಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿದ. ಆಮೇಲೆ ಸ್ಕೇಲನ್ನು ಚೀಟಿಯ ಮೇಲಿಟ್ಟು ಒಂದು ಹೊಸ ಗೆರೆ ಎಳೆದ. ಮೇಲೆ ಏನೋ ಬರೆದು, ಚೀಟಿಯನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟ. ಮೂರನೇ ಕಲಂ: ಹೆಂಡತಿ, ಸೊಸೆ, ಇತ್ಯಾದಿ.

ನಾನು ಸಹಿ ಹಾಕಿದೆ. ಹಾಕಿ, "ಅತ್ತೆಗೂ ಒಂದು ಮಾತು ಹೇಳಿಕಳಿಸಪ್ಪ" ಅಂದೆ. "ಕೊಡೆಗೆ ದೋಷ ಏನು ಅಂದ್ರೆ, ರಿಪೇರಿಯಾಗಿದೆ ಅನ್ನಬೇಕು. ಕಾರಣ, ಸೊಸೆ."